ಟ್ರ್ಯಾಕ್ ಅಬ್ಬರದಲ್ಲಿ ನಿಮ್ಮ ದನಿ ಮುಳುಗ್ತಿದೆಯಾ? ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋರಿಗೆ ಇಲ್ಲಿದೆ ಪೂರ್ತಿ ಮಾಹಿತಿ

ಆವರಗೆರೆ (ದಾವಣಗೆರೆ): ಕೈಯಲ್ಲೊಂದು ಮೊಬೈಲ್, ಕಿವಿಗೆ ಇಯರ್‌ಫೋನ್, ಎಲ್ಲಿಂದಲೋ ಇಳಿಸಿಕೊಂಡ ಒಂದು ಕರೋಕೆ ಟ್ರ್ಯಾಕ್. ಇಷ್ಟಿದ್ದರೆ ಈಗ ಮನೆಯೇ ಸ್ಟುಡಿಯೋ. ಆವರಗೆರೆ, ನಿಟುವಳ್ಳಿ, ಹಳೇ ದಾವಣಗೆರೆಯ ಓಣಿಗಳಿಂದ ಹಿಡಿದು ಹರಿಹರದವರೆಗೆ ಭಾವಗೀತೆ, ಭಕ್ತಿಗೀತೆ, ತತ್ವಪದ, ಜಾನಪದ, ಸಿನಿಮಾ ಹಾಡು ಹೇಳುವವರಿಗೆ ಕೊರತೆ ಇಲ್ಲ. ದುಗ್ಗಮ್ಮನ ಜಾತ್ರೆ, ಗಣಪತಿ ಹಬ್ಬ, ಮದುವೆ ಆರತಕ್ಷತೆ ಹತ್ತಿರ ಬಂದರೆ ಹಾಡಿಗೆ ಇನ್ನೂ ಬೇಡಿಕೆ. ಅಂಗಡಿಯವರೂ ಅಷ್ಟೇ. ಆಟೋ ಪ್ರಚಾರಕ್ಕೆ, ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಬೇಕಾದ ಜಾಹೀರಾತನ್ನು ಹಿಂದೆ ಮ್ಯೂಸಿಕ್ ಹಾಕಿ ತಾವೇ ಮಾತಾಡಿ ಮಾಡಿಕೊಳ್ತಿದ್ದಾರೆ.

ಆದರೆ ಬಹಳ ಜನರ ದೂರು ಒಂದೇ. ‘ಹಾಡುವಾಗ ಚೆನ್ನಾಗೇ ಇತ್ತು, ಆಮೇಲೆ ಕೇಳಿದ್ರೆ ಬರೀ ಮ್ಯೂಸಿಕ್ ಕೇಳುತ್ತೆ, ದನಿ ಎಲ್ಲೋ ಬಚ್ಚಲುಮನೆಯಿಂದ ಬಂದ ಹಾಗಿದೆ.’ ದನಿ ಜಾಸ್ತಿ ಮಾಡಿದರೆ ಕರಕರ ಅನ್ನುತ್ತೆ, ಟ್ರ್ಯಾಕ್ ಮೇಲೆ ತೇಪೆ ಹಾಕಿದಂತೆ ಕೇಳುತ್ತೆ. ಕೊನೆಗೆ ‘ನನ್ನ ದನಿನೇ ಸರಿ ಇಲ್ಲ’ ಅಂತ ಕೈಬಿಡುವವರು ಕೆಲವರು. ಹೊಸ ಮೈಕ್‌ಗೆ ಐದಾರು ಸಾವಿರ ಸುರಿದು, ಫಲಿತಾಂಶ ಮೊದಲಿನಂತೆಯೇ ಬಂದಾಗ ಬೇಸರಪಡುವವರು ಇನ್ನು ಕೆಲವರು.

ಅಸಲು ಸಂಗತಿ ಬೇರೆ ಇದೆ. ದನಿ ಎದ್ದು ಕೇಳಬೇಕಾದರೆ ಅದನ್ನು ಜೋರು ಮಾಡಬೇಕಾಗಿಲ್ಲ, ಅದಕ್ಕೆ ಜಾಗ ಮಾಡಿಕೊಡಬೇಕು. ತುಂಬಿದ ಬಸ್ಸಿನಲ್ಲಿ ಎಷ್ಟು ಕೂಗಿದರೂ ಸೀಟು ಸಿಗಲ್ಲ, ಯಾರಾದರೂ ಸ್ವಲ್ಪ ಸರಿದು ಕೂತರೆ ಸಿಗುತ್ತೆ. ಇಲ್ಲೂ ಹಾಗೇ. ಈ ಕೆಲಸದಲ್ಲಿ ಮುಕ್ಕಾಲು ಪಾಲಿಗೆ ದುಡ್ಡು ಬೇಕಾಗಿಲ್ಲ.

ದನಿ ಮುಳುಗೋದು ಯಾಕೆ?

ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣ.

ಮೊದಲನೆಯದು, ಟ್ರ್ಯಾಕ್ ಮೊದಲೇ ತುಂಬಿಕೊಂಡು ಬಂದಿರುತ್ತೆ. ಪೇಟೆಯಲ್ಲಿ, ಇಂಟರ್ನೆಟ್‌ನಲ್ಲಿ ಸಿಗುವ ಟ್ರ್ಯಾಕ್‌ಗಳು ಸಿದ್ಧ ಮಾಲು. ಅವುಗಳ ಸದ್ದಿನ ಮಟ್ಟವನ್ನು ಕಂಪ್ಯೂಟರ್ ಸಹಿಸುವ ಕೊನೆಯ ಮಿತಿವರೆಗೂ ಏರಿಸಿಯೇ ಕೊಟ್ಟಿರುತ್ತಾರೆ. ಅಂಚಿನವರೆಗೆ ತುಂಬಿದ ಕೊಡಕ್ಕೆ ಮತ್ತೊಂದು ಚೊಂಬು ನೀರು ಹಾಕಿದರೆ ಚೆಲ್ಲುತ್ತೆ. ಆ ಚೆಲ್ಲೋದೇ ನಮಗೆ ಕೇಳುವ ಕರಕರ ಸದ್ದು.

ಎರಡನೆಯದು, ದನಿ ಮತ್ತು ವಾದ್ಯ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಹಾರ್ಮೋನಿಯಂ, ಕೀಬೋರ್ಡ್, ಗಿಟಾರ್, ತಬಲಾ ಎಲ್ಲದರ ಶಕ್ತಿಯೂ ಮನುಷ್ಯನ ದನಿ ಇರುವ ಜಾಗದಲ್ಲೇ ಹರಡಿಕೊಂಡಿರುತ್ತೆ. ಒಂದು ಸದ್ದು ಇನ್ನೊಂದನ್ನು ಮುಚ್ಚೋದು ಇಲ್ಲೇ.

ಮೂರನೆಯದು, ಹಾಡುವವರ ದನಿ ಏರಿಳಿಯುತ್ತೆ, ಟ್ರ್ಯಾಕ್ ಮಾತ್ರ ಒಂದೇ ಮಟ್ಟದಲ್ಲಿ ಓಡುತ್ತೆ. ಹಾಗಾಗಿ ಪಲ್ಲವಿಯ ಮೊದಲ ಪದ ಕೇಳಿಸಿದರೂ ಸಾಲಿನ ಕೊನೆಯ ಪದ ನುಂಗಿಹೋಗುತ್ತೆ.

ನಾಲ್ಕನೆಯದು, ದೂರ. ಮೈಕ್ ದೂರ ಇದ್ದರೆ ದನಿ ಜೊತೆ ಕೋಣೆಯ ಗೋಡೆ, ಆರ್‌ಸಿಸಿ ಛಾವಣಿ, ಟೈಲ್ಸ್ ನೆಲದಿಂದ ಮರಳಿ ಬಂದ ಸದ್ದೂ ಸೇರಿಕೊಳ್ಳುತ್ತೆ. ನಮ್ಮ ಕಿವಿ ಇಂಥ ದನಿಯನ್ನು ‘ಹಿಂದೆ ಎಲ್ಲೋ ಇರೋರು’ ಅಂತ ತಿಳಿಯುತ್ತೆ. ಇಲ್ಲಿ ವಾಲ್ಯೂಮ್ ಏರಿಸಿದರೆ ಹಿಂದೆ ಇದ್ದವರು ಜೋರಾಗಿ ಕೂಗಿದ ಹಾಗೆ ಕೇಳುತ್ತೆ ಹೊರತು ಮುಂದೆ ಬಂದ ಹಾಗಲ್ಲ.

ಮೈಕ್ ಇಲ್ಲದ ಕಾಲದಲ್ಲಿ ಹೇಗೆ ಕೇಳಿಸ್ತಿತ್ತು?

ದಾವಣಗೆರೆಯವರಿಗೆ ಇದು ಹೊಸ ಪ್ರಶ್ನೆ ಅಲ್ಲ. ಇದು ವೃತ್ತಿ ನಾಟಕ ಕಂಪನಿಗಳ ಊರು. ಪದ್ಮಶ್ರೀ ಪುರಸ್ಕೃತ ನಟಿ ಚಿಂದೋಡಿ ಲೀಲಾ ಅವರ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಮೈಕ್ ಬರುವುದಕ್ಕೆ ಮೊದಲು ಕಂಪನಿ ನಾಟಕಗಳಲ್ಲಿ ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಮತ್ತು ತಬಲಾ ನಡುವೆ ನಟರು ಹಾಡಿದ್ದು ಟೆಂಟಿನ ಕೊನೇ ಸಾಲಿಗೂ ಮುಟ್ಟಬೇಕಿತ್ತು, ಅದೂ ಪದ ಪದ ಬಿಡಿಸಿ ಕೇಳುವಂತೆ. ಅದಕ್ಕೇ ಅವರು ಎತ್ತರದ ಶ್ರುತಿಯಲ್ಲಿ, ಬಾಯಿ ಬಿಟ್ಟು, ಅಕ್ಷರ ಒತ್ತಿ ಹಾಡುತ್ತಿದ್ದರು. ಮಾತು ಬಂದಾಗ ಹಾರ್ಮೋನಿಯಂ ಮಾಸ್ತರು ಕೈ ಹಗುರ ಮಾಡುತ್ತಿದ್ದರು. ಸಾಲು ಮುಗಿದ ಮೇಲೆ ಮತ್ತೆ ತುಂಬಿ ನುಡಿಸುತ್ತಿದ್ದರು. ದನಿಗೆ ಜಾಗ ಬಿಡುವುದು ಅಂದರೆ ಇದೇ.

ಇದಕ್ಕೆ ವಿಜ್ಞಾನದ ಆಧಾರವೂ ಇದೆ. ಸ್ವೀಡನ್ನಿನ ಧ್ವನಿ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ ಅವರು ಒಪೆರಾ ಗಾಯಕರ ಮೇಲೆ ಅಧ್ಯಯನ ಮಾಡಿದರು. ದೊಡ್ಡ ವಾದ್ಯವೃಂದದ ಶಕ್ತಿ ಹೆಚ್ಚಾಗಿ ಇರೋದು ಸುಮಾರು 500 ಹರ್ಟ್ಸ್ ಆಸುಪಾಸು. ಅದರಿಂದ ಮೇಲಕ್ಕೆ ಹೋದಂತೆ ಅದು ಕಡಿಮೆಯಾಗುತ್ತೆ. ಪಳಗಿದ ಗಾಯಕರ, ಅದರಲ್ಲೂ ಗಂಡಸರ ದನಿಯಲ್ಲಿ ಸುಮಾರು 3,000 ಹರ್ಟ್ಸ್ ಹತ್ತಿರ ಶಕ್ತಿ ಮತ್ತೆ ಗುಡ್ಡದಂತೆ ಏಳುತ್ತೆ. ವಾದ್ಯಗಳು ಖಾಲಿ ಬಿಟ್ಟ ಜಾಗದಲ್ಲಿ ದನಿ ಹೀಗೆ ಎದ್ದು ನಿಲ್ಲುವುದರಿಂದ ಮೈಕ್ ಇಲ್ಲದೆಯೂ ಕೇಳಿಸುತ್ತೆ. ಜೊತೆಗೆ ಮನುಷ್ಯನ ಕಿವಿ ಬಹಳ ಚುರುಕಾಗಿರೋದೂ 2,000ದಿಂದ 5,000 ಹರ್ಟ್ಸ್ ನಡುವಿನ ಸದ್ದಿಗೇ. ಪದ ಬಿಡಿಸಿ ಕೇಳಲು ಬೇಕಾದ ಕ, ಚ, ಟ, ತ ಮುಂತಾದ ವ್ಯಂಜನಗಳ ಸ್ಪಷ್ಟತೆಯೂ ಬಹುಪಾಲು ಈ ಜಾಗದಲ್ಲೇ ಇದೆ.

ಮೈಕ್ ಬಂದ ಮೇಲೆ ಕೂಗಿ ಹಾಡುವ ಅಗತ್ಯ ತಪ್ಪಿತು. ಪಿ.ಬಿ. ಶ್ರೀನಿವಾಸ್ ಅವರಂಥ ಮೃದು ದನಿ ಸಿನಿಮಾ ಹಾಡಿನಲ್ಲಿ ಇಡೀ ವಾದ್ಯಮೇಳದ ಮುಂದೆ ನಿಲ್ಲಲು ಸಾಧ್ಯವಾಗಿದ್ದು ಮೈಕ್ ಹತ್ತಿರ ಇದ್ದುದರಿಂದ ಮತ್ತು ವಾದ್ಯಗಳನ್ನು ಅದಕ್ಕೆ ತಕ್ಕಂತೆ ಜೋಡಿಸಿದ್ದರಿಂದ. ಮನೆಯಲ್ಲಿ ಹಾಡುವವರು ಮಾಡಬೇಕಾದ್ದೂ ಇಷ್ಟೇ.

ಟ್ರ್ಯಾಕ್ ಆರಿಸುವಾಗಲೇ ಅರ್ಧ ಕೆಲಸ

ಮೂಲ ಗಾಯಕರ ಶ್ರುತಿ ನಿಮ್ಮದಾಗಿರಬೇಕು ಅಂತೇನಿಲ್ಲ. ಎಸ್. ಜಾನಕಿ ಅವರ ಹಾಡಿನ ಟ್ರ್ಯಾಕ್‌ಗೆ ಗಂಡಸರು ಹಾಡಿದಾಗ ಒಂದೋ ಕೆಳಗಿನ ಸ್ಥಾಯಿಯಲ್ಲಿ ದನಿ ಗುನುಗುಟ್ಟುತ್ತೆ, ಇಲ್ಲವೇ ಮೇಲೆ ಹೋಗಿ ಒಡೆಯುತ್ತೆ. ಕೆಳಗಿನ ಸ್ವರದಲ್ಲಿ ದನಿಗೆ ತೂಕ ಇರಲ್ಲ, ಟ್ರ್ಯಾಕ್ ಅದನ್ನು ಸುಲಭವಾಗಿ ಮುಚ್ಚಿಬಿಡುತ್ತೆ. ಹಾರ್ಮೋನಿಯಂ ಇದ್ದರೆ ಮೊದಲು ನಿಮ್ಮ ಶ್ರುತಿ ಬಿಳಿ ಎಷ್ಟು, ಕಪ್ಪು ಎಷ್ಟು ಅಂತ ಗೊತ್ತು ಮಾಡಿಕೊಳ್ಳಿ. ಆಡಾಸಿಟಿ, ಬ್ಯಾಂಡ್‌ಲ್ಯಾಬ್ ಥರದ ಉಚಿತ ತಂತ್ರಾಂಶಗಳಲ್ಲಿ ಟ್ರ್ಯಾಕ್‌ನ ವೇಗ ಬದಲಾಗದಂತೆ ಶ್ರುತಿ ಮಾತ್ರ ಒಂದೆರಡು ಮನೆ ಏರಿಸಬಹುದು, ಇಳಿಸಬಹುದು. ಎರಡು ಮೂರು ಮನೆವರೆಗೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ ವಾದ್ಯಗಳ ಸದ್ದು ಕೆಡುತ್ತೆ.

ಇನ್ನೊಂದು ಎಚ್ಚರ. ಮೂಲ ಹಾಡಿನಿಂದ ದನಿ ತೆಗೆದು ಮಾಡಿದ ಟ್ರ್ಯಾಕ್‌ಗಳಲ್ಲಿ ಹಳೇ ಗಾಯಕರ ದನಿಯ ಎಳೆ ಎಷ್ಟೋ ಸಲ ಉಳಿದಿರುತ್ತೆ. ಮ್ಯೂಸಿಕ್ ನಡುವೆ ಅದು ಗೊತ್ತಾಗಲ್ಲ, ಆದರೆ ನಿಮ್ಮ ದನಿಗೆ ಅಡ್ಡ ಬರುತ್ತೆ. ವಾದ್ಯಗಳನ್ನು ಹೊಸದಾಗಿ ನುಡಿಸಿ ಮಾಡಿದ ಟ್ರ್ಯಾಕ್ ಸಿಕ್ಕರೆ ಅದೇ ಒಳ್ಳೇದು. ಟ್ರ್ಯಾಕ್‌ನಲ್ಲಿ ಕೊಳಲೋ ಪಿಟೀಲೋ ಹಾಡಿನ ಧಾಟಿಯನ್ನೇ ಜೊತೆಗೆ ನುಡಿಸುತ್ತಿದ್ದರೆ ಕಲಿಯಲು ಅನುಕೂಲ. ರೆಕಾರ್ಡ್ ಮಾಡಲು ಮಾತ್ರ ಅದು ಇಲ್ಲದ ಟ್ರ್ಯಾಕ್ ಹುಡುಕಿ.

ಕೋಣೆಗೆ ಕೌದಿಯೇ ಮದ್ದು

10 ಅಡಿ ಅಗಲದ ಕೋಣೆಯ ನಡುವೆ ನಿಂತು ಹಾಡಿದರೆ ದನಿ ಗೋಡೆಗೆ ಬಡಿದು ಸುಮಾರು 9 ಮಿಲಿಸೆಕೆಂಡಿನಲ್ಲಿ ವಾಪಸ್ ಬರುತ್ತೆ. ಬರೀ ಸಿಮೆಂಟ್ ಗೋಡೆಯಾದರೆ ಹೀಗೆ ಹತ್ತಾರು ಸಲ ಬಡಿದಾಡಿ ಪದದ ಅಂಚುಗಳನ್ನೆಲ್ಲ ಸವೆಸುತ್ತೆ. ಒಮ್ಮೆ ರೆಕಾರ್ಡ್ ಆದ ಈ ಪ್ರತಿಧ್ವನಿಯನ್ನು ಆಮೇಲೆ ಪೂರ್ತಿ ತೆಗೆಯೋದು ಕಷ್ಟ.

ಇದಕ್ಕೆ ಮನೆಯಲ್ಲೇ ಪರಿಹಾರ ಇದೆ. ದಪ್ಪ ಕೌದಿ, ಹಾಸಿಗೆ, ಬಟ್ಟೆ ತುಂಬಿದ ಬೀರು ಇವೆಲ್ಲ ಸದ್ದನ್ನು ಹೀರಿಕೊಳ್ಳುತ್ತವೆ. ಮೈಕ್ ಹಿಂದೆ ಕೌದಿ ಕಟ್ಟಿದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಹೆಚ್ಚಿನ ಮೈಕ್‌ಗಳು ಮುಂದಿನಿಂದ ಬರುವ ಸದ್ದನ್ನು ಹಿಡಿಯುತ್ತವೆ, ಅಂದರೆ ಹಾಡುವವರ ಬೆನ್ನ ಹಿಂದಿನ ಗೋಡೆಯಿಂದ ಬರುವ ಸದ್ದು ನೇರವಾಗಿ ಮೈಕ್‌ಗೆ ಹೋಗುತ್ತೆ. ಆದ್ದರಿಂದ ಮೊದಲ ಕೌದಿ ನಿಮ್ಮ ಬೆನ್ನ ಹಿಂದೆ, ಎರಡನೆಯದು ಪಕ್ಕಕ್ಕೆ. ಕೌದಿಯನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಮುಂದೆ ಇಳಿಬಿಟ್ಟರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ. ಕೋಣೆಯ ನಟ್ಟನಡುವೆ ಮತ್ತು ಮೂಲೆಯಲ್ಲಿ ನಿಲ್ಲಬೇಡಿ. ಮೊಟ್ಟೆ ಟ್ರೇ ಅಂಟಿಸಿದರೆ ಸ್ಟುಡಿಯೋ ಆಗುತ್ತೆ ಅನ್ನೋದು ಬರೀ ನಂಬಿಕೆ. ತೆಳು ರಟ್ಟು ಹೀರಿಕೊಳ್ಳೋದು ತೀರಾ ಕಡಿಮೆ, ಮೇಲಾಗಿ ಬೆಂಕಿ ಭಯ ಬೇರೆ.

ಆವರಗೆರೆಯಂಥ ಕಡೆ ರಾಷ್ಟ್ರೀಯ ಹೆದ್ದಾರಿಯ ಲಾರಿಗಳ ಸದ್ದು ಹಗಲಿಡೀ ಇರುತ್ತೆ. ಬೆಳಗಿನ ಜಾವ ಇಲ್ಲವೇ ರಾತ್ರಿ ಊಟದ ನಂತರದ ಹೊತ್ತು ಅನುಕೂಲ. ಫ್ಯಾನ್ ನಿಲ್ಲಿಸಲೇಬೇಕು. ಬೇಸಿಗೆಯಲ್ಲಿ ಇದು ಕಷ್ಟವೇ, ಹಾಗಾಗಿ ಒಂದೊಂದು ಚರಣ ಹಾಡಿ ನಡುವೆ ಫ್ಯಾನ್ ಹಾಕಿಕೊಳ್ಳಿ. ಫ್ರಿಜ್ ಇರುವ ಕೋಣೆ ಬೇಡ. ಮೊಬೈಲ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಲ್ಯಾಪ್‌ಟಾಪ್ ಬಳಸುವವರಿಗೆ ಗುಂಯ್ ಅನ್ನುವ ಸದ್ದು ಬರುತ್ತಿದ್ದರೆ ಅದು ಬಹುತೇಕ 50 ಹರ್ಟ್ಸ್ ಕರೆಂಟಿನದ್ದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಕರೆಂಟ್ ಹೋಗಿ ಇನ್ವರ್ಟರ್ ಓಡುತ್ತಿರುವಾಗ ಈ ಸದ್ದು ಹೆಚ್ಚಾಗಬಹುದು, ಆಗ ರೆಕಾರ್ಡಿಂಗ್ ಬೇಡ.

ಮೈಕ್ ಎಷ್ಟು ದೂರ? ಒಂದು ಗೇಣು

ದೊಡ್ಡ ಮೈಕ್ ಆಗಲಿ, ಮೊಬೈಲ್ ಆಗಲಿ, ಬಾಯಿಂದ ಒಂದು ಗೇಣು ದೂರ ಇರಲಿ. ಅಂದರೆ ಸುಮಾರು 15ರಿಂದ 20 ಸೆಂಟಿಮೀಟರ್. ದೂರ ಎರಡು ಪಟ್ಟಾದರೆ ಮೈಕ್‌ಗೆ ನೇರವಾಗಿ ತಲುಪುವ ದನಿ 6 ಡೆಸಿಬಲ್ ಇಳಿಯುತ್ತೆ, ಅಂದರೆ ಅಲೆಯ ಎತ್ತರ ಅರ್ಧ. ಕೋಣೆಯ ಪ್ರತಿಧ್ವನಿ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತೆ. ಹಾಗಾಗಿ ದೂರ ಹೋದಷ್ಟೂ ದನಿ ಸೋಲುತ್ತೆ, ಕೋಣೆ ಗೆಲ್ಲುತ್ತೆ. ಹತ್ತು ಸಾವಿರದ ಮೈಕ್ ಮೂರಡಿ ದೂರದಲ್ಲಿ ಇಡುವುದಕ್ಕಿಂತ ಮೊಬೈಲ್‌ನ ಮೈಕ್ ಒಂದು ಗೇಣು ದೂರದಲ್ಲಿ ಇಡೋದು ವಾಸಿ.

ಪ, ಬ, ಭ ಅಕ್ಷರ ಬಂದಾಗ ಬಾಯಿಂದ ಗಾಳಿ ನುಗ್ಗಿ ‘ಧಪ್’ ಅನ್ನುತ್ತೆ. ಮೈಕ್ ಅನ್ನು ಬಾಯಿಗೆ ನೇರ ಇಡದೆ ಸ್ವಲ್ಪ ಪಕ್ಕಕ್ಕೆ ಇಟ್ಟು ಬಾಯಿ ಕಡೆ ತಿರುಗಿಸಿದರೆ ಗಾಳಿ ಮುಂದೆ ಹೋಗುತ್ತೆ, ದನಿ ಮೈಕ್‌ಗೆ ಬರುತ್ತೆ. ಬಳೆಗೆ ತೆಳು ಬಟ್ಟೆ ಎಳೆದು ಕಟ್ಟಿ ನಡುವೆ ಹಿಡಿದರೂ ಆದೀತು. ಎತ್ತರದ ಸ್ವರಕ್ಕೆ ತಲೆ ತುಸು ಹಿಂದೆ, ಮೆತ್ತಗಿನ ಸಾಲಿಗೆ ತುಸು ಮುಂದೆ. ಹಳೇ ಗಾಯಕರು ಮೈಕ್ ಮುಂದೆ ಮಾಡುತ್ತಿದ್ದುದೂ ಇದನ್ನೇ.

ಟ್ರ್ಯಾಕ್ ಕಿವಿಯಲ್ಲಿ ಮಾತ್ರ ಇರಲಿ

ಅತಿ ಸಾಮಾನ್ಯ ತಪ್ಪು ಅಂದರೆ ಸ್ಪೀಕರ್‌ನಲ್ಲಿ ಟ್ರ್ಯಾಕ್ ಹಾಕಿ, ಮುಂದೆ ನಿಂತು ಹಾಡಿ, ಎರಡನ್ನೂ ಒಂದೇ ಮೊಬೈಲ್‌ನಲ್ಲಿ ಹಿಡಿಯೋದು. ಆಗ ದನಿ ಮತ್ತು ಮ್ಯೂಸಿಕ್ ಹಾಲು ನೀರಿನ ಹಾಗೆ ಬೆರೆತುಹೋಗುತ್ತವೆ. ಆಮೇಲೆ ದನಿ ಮಾತ್ರ ಸರಿ ಮಾಡೋಕೆ ಆಗಲ್ಲ. ಟ್ರ್ಯಾಕ್ ಇಯರ್‌ಫೋನ್‌ನಲ್ಲಿ ಕೇಳಬೇಕು, ಮೈಕ್‌ಗೆ ಬರೀ ದನಿ ಹೋಗಬೇಕು.

ಇಯರ್‌ಫೋನ್ ವೈರ್ ಇರುವುದೇ ಆಗಲಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಕಿವಿಗೆ ಬರುತ್ತೆ. ಅದಕ್ಕೆ ಹೊಂದಿಸಿ ಹಾಡಿದವರ ತಾಳ ಮಿಕ್ಸ್ ಮಾಡುವಾಗ ಹಿಂದೆ ಬೀಳುತ್ತೆ. ಒಂದು ಕಿವಿಯ ಇಯರ್‌ಫೋನ್ ತುಸು ಸರಿಸಿಕೊಂಡರೆ ಸ್ವಂತ ದನಿಯೂ ಕೇಳಿ ಶ್ರುತಿ ತಪ್ಪಲ್ಲ.

ಮಟ್ಟದ ವಿಷಯ. ತಂತ್ರಾಂಶದಲ್ಲಿ ಏರಿಳಿಯುವ ಹಸಿರು ಪಟ್ಟಿ ನೀವು ಅತಿ ಜೋರಾಗಿ ಹಾಡಿದಾಗಲೂ ಮೈನಸ್ 12ರಿಂದ ಮೈನಸ್ 6ರ ನಡುವೆ ನಿಲ್ಲಲಿ. ಸೊನ್ನೆ ಮುಟ್ಟಿದರೆ ದನಿಯ ತುದಿ ಕತ್ತರಿಸಿಹೋಗುತ್ತೆ. ಸಣ್ಣಗೆ ರೆಕಾರ್ಡ್ ಆದದ್ದನ್ನು ಏರಿಸಬಹುದು, ಕತ್ತರಿಸಿಹೋದದ್ದನ್ನು ಚೆನ್ನಾಗಿ ಜೋಡಿಸೋಕೆ ಆಗಲ್ಲ. ಮೊಬೈಲ್‌ನ ಮಾಮೂಲಿ ವಾಯ್ಸ್ ರೆಕಾರ್ಡರ್ ಬದಲು ವೇವ್ ಫೈಲ್‌ನಲ್ಲಿ ಉಳಿಸುವ ಆ್ಯಪ್ ಬಳಸಿ. ಹಾಡು ಶುರುವಾಗುವ ಮೊದಲು 5 ಸೆಕೆಂಡ್ ಸುಮ್ಮನಿರಿ. ಕೋಣೆಯ ಸದ್ದು ತೆಗೆಯಬೇಕಾದಾಗ ತಂತ್ರಾಂಶಕ್ಕೆ ಆ ಮೌನವೇ ಮಾದರಿ.

ಮಿಕ್ಸ್ ಮಾಡೋದು ಹೇಗೆ? ಹಂತ ಹಂತವಾಗಿ

1. ಟ್ರ್ಯಾಕ್ ಇಳಿಸಿ. ದನಿ ಮುಟ್ಟುವ ಮೊದಲೇ ಟ್ರ್ಯಾಕ್ ಅನ್ನು 6ರಿಂದ 10 ಡೆಸಿಬಲ್ ಕೆಳಗೆ ತನ್ನಿ. ಕೊಡದಲ್ಲಿ ಜಾಗ ಆಯಿತು. ಇಡೀ ಹಾಡಿನ ಸದ್ದು ಕಡಿಮೆಯಾಯಿತು ಅಂತ ಗಾಬರಿ ಬೇಡ, ಕೊನೆಯಲ್ಲಿ ಎರಡನ್ನೂ ಸೇರಿಸಿ ಏರಿಸಬಹುದು. ಬಹಳ ಜನರ ಸಮಸ್ಯೆ ಈ ಒಂದು ಹಂತದಲ್ಲೇ ಅರ್ಧ ಮುಗಿಯುತ್ತೆ.

2. ತಾಳ ಹೊಂದಿಸಿ. ದನಿ ತುಸು ಹಿಂದೆ ಬಿದ್ದಿದ್ದರೆ ಎಳೆದು ಸರಿಯಾದ ಜಾಗಕ್ಕೆ ಕೂರಿಸಿ. ತಾಳ ತಪ್ಪಿದ ದನಿ ಎಷ್ಟು ಜೋರಿದ್ದರೂ ಟ್ರ್ಯಾಕ್‌ನಿಂದ ಬೇರೆಯಾಗೇ ಕೇಳುತ್ತೆ.

3. ಪದ ಪದ ಸಮ ಮಾಡಿ. ಕಣ್ಣು ಮುಚ್ಚಿ ಕೇಳಿ. ಯಾವ ಪದ ನುಂಗಿಹೋಗಿದೆಯೋ ಅಲ್ಲಿ ಮಾತ್ರ 2–3 ಡೆಸಿಬಲ್ ಏರಿಸಿ. ಕಿವಿಗೆ ಹೊಡೆಯುವ ಕಡೆ ಇಳಿಸಿ. ಬೇಸರದ ಕೆಲಸ, ಅರ್ಧ ಗಂಟೆ ಹಿಡಿಯುತ್ತೆ. ಆದರೆ ಇದನ್ನು ಬೇರೆ ಯಾವ ಗುಂಡಿಯೂ ಇಷ್ಟು ಚೆನ್ನಾಗಿ ಮಾಡಲ್ಲ.

4. ಕಂಪ್ರೆಸರ್ ಹಾಕಿ. ಗಡಿ ದಾಟಿದ ಜೋರು ದನಿಯನ್ನು ತಾನೇ ಅದುಮುವ ಸಾಧನ ಇದು. 3ಕ್ಕೆ 1ರ ಅನುಪಾತ ಅಂದರೆ ಗಡಿಯಿಂದ 6 ಡೆಸಿಬಲ್ ಮೇಲೆ ಹೋದ ದನಿ 2 ಡೆಸಿಬಲ್ ಮಾತ್ರ ಮೇಲೆ ಇರುವಂತೆ ಆಗುತ್ತೆ. ಆಮೇಲೆ ಒಟ್ಟು ದನಿ ಏರಿಸಿದರೆ ಮೆತ್ತಗಿನ ಪದಗಳೂ ಮೇಲೆ ಬರುತ್ತವೆ. ಜೋರು ಜಾಗದಲ್ಲಿ 4–6 ಡೆಸಿಬಲ್ ಇಳಿಯುವಷ್ಟು ಸಾಕು. ಇದರಲ್ಲಿ ‘ಅಟ್ಯಾಕ್’ ಅನ್ನೋದು ಸಾಧನ ಎಷ್ಟು ಬೇಗ ಅದುಮಬೇಕು ಅಂತ ಹೇಳುವ ಗುಂಡಿ. ಅದನ್ನು 10ರಿಂದ 20 ಮಿಲಿಸೆಕೆಂಡಿಗೆ ಇಟ್ಟರೆ ಪದದ ಮೊದಲ ವ್ಯಂಜನ ಮೊಂಡಾಗಲ್ಲ. ಅತಿಯಾದರೆ ಉಸಿರಿನ ಸದ್ದೂ ಹಾಡಿನಷ್ಟೇ ಕೇಳುತ್ತೆ.

5. ಬೇಡದ್ದು ತೆಗೆಯಿರಿ. ಈಕ್ವಲೈಸರ್‌ನಲ್ಲಿ ದನಿಯ 80–100 ಹರ್ಟ್ಸ್ ಕೆಳಗಿನ ಭಾಗ ಕತ್ತರಿಸಿ. ಅಲ್ಲಿ ಇರೋದು ಹೆಚ್ಚಾಗಿ ಲಾರಿ ಗುಡುಗು, ಟೇಬಲ್ ಅಲುಗಾಟ. 200ರಿಂದ 400ರ ನಡುವೆ ಡಬ್ಬದೊಳಗೆ ಹಾಡಿದಂತೆ ಇದ್ದರೆ 2–3 ಡೆಸಿಬಲ್ ಇಳಿಸಿ. 3,000 ಆಸುಪಾಸು 2 ಡೆಸಿಬಲ್ ಏರಿಸಿದರೆ ಪದ ಬಿಡಿಸಿ ಕೇಳುತ್ತೆ. ಸ, ಶ, ಷ ಚುಚ್ಚುತ್ತಿದ್ದರೆ 5,000ದಿಂದ 8,000ದ ನಡುವೆ ಹುಡುಕಿ ತಗ್ಗಿಸಿ.

6. ಟ್ರ್ಯಾಕ್‌ನಲ್ಲಿ ಕಿಟಕಿ ತೆರೆಯಿರಿ. ಇದು ಬಹಳ ಜನಕ್ಕೆ ಗೊತ್ತಿಲ್ಲದ ಹಂತ. ಈಕ್ವಲೈಸರ್ ಅನ್ನು ಟ್ರ್ಯಾಕ್‌ಗೂ ಹಾಕಿ 2,000ದಿಂದ 4,000 ಹರ್ಟ್ಸ್ ನಡುವೆ 2–3 ಡೆಸಿಬಲ್ ಇಳಿಸಿ. ಮ್ಯೂಸಿಕ್ ಕಡಿಮೆಯಾದದ್ದು ಕೇಳುವವರಿಗೆ ಗೊತ್ತೇ ಆಗಲ್ಲ, ದನಿ ಮಾತ್ರ ಮುಂದೆ ಬಂದು ಕೂರುತ್ತೆ. ಇದರ ಜೊತೆ ದನಿ ಬಂದಾಗ ಟ್ರ್ಯಾಕ್ ತಾನೇ ಒಂದೆರಡು ಡೆಸಿಬಲ್ ತಗ್ಗುವಂತೆಯೂ ಮಾಡಬಹುದು. ಆಡಾಸಿಟಿಯಲ್ಲಿ ಇದಕ್ಕೆ ‘ಆಟೋ ಡಕ್’ ಅಂತ ಹೆಸರು. ಹಾರ್ಮೋನಿಯಂ ಮಾಸ್ತರು ಕೈ ಹಗುರ ಮಾಡಿದ ಹಾಗೆ.

7. ಎಕೋ ಉಪ್ಪಿನ ಹಾಗೆ. ಆರ್ಕೆಸ್ಟ್ರಾ ವೇದಿಕೆಯ ಎಕೋ ಕೇಳಿ ರೂಢಿಯಾದವರಿಗೆ ಅದಿಲ್ಲದೆ ಹಾಡು ಸಪ್ಪೆ ಅನಿಸುತ್ತೆ. ಆದರೆ ಎಕೋ, ರಿವರ್ಬ್ ಜಾಸ್ತಿ ಆದಷ್ಟೂ ದನಿ ಹಿಂದೆ ಸರಿಯುತ್ತೆ. ರಿವರ್ಬ್‌ನಲ್ಲಿ ‘ಪ್ರೀ ಡಿಲೇ’ ಇದ್ದರೆ 20ರಿಂದ 40 ಮಿಲಿಸೆಕೆಂಡ್ ಇಡಿ. ಮೊದಲು ಪದ ಸ್ವಚ್ಛವಾಗಿ ಬರುತ್ತೆ, ಅದರ ಹಿಂದೆ ಗುಂಗು ಬರುತ್ತೆ. ರಿವರ್ಬ್ ಇದೆ ಅಂತ ಗೊತ್ತಾಗುವವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿಬಿಡಿ.

ಅಂಗಡಿ ಜಾಹೀರಾತಿಗೂ ಇದೇ ಲೆಕ್ಕ

ಮಂಡಿಪೇಟೆ, ಅಶೋಕ ರಸ್ತೆ ಕಡೆ ಪ್ರಚಾರದ ಆಟೋ ಹಾದುಹೋಗುವಾಗ ಗಮನಿಸಿ. ಡ್ರಮ್ ಬೀಟ್ ಕಿವಿ ತುಂಬುತ್ತೆ, ಅಂಗಡಿ ಹೆಸರು ಮಾತ್ರ ತಿಳಿಯಲ್ಲ. ಆಟೋ ಒಬ್ಬರ ಮುಂದೆ ಹಾದುಹೋಗುವುದು ಕೆಲವೇ ಸೆಕೆಂಡ್. ಅಷ್ಟರಲ್ಲಿ ಅಂಗಡಿ ಹೆಸರು, ಜಾಗ, ರಿಯಾಯಿತಿ ಕಿವಿಗೆ ಬೀಳದಿದ್ದರೆ ಬಾಡಿಗೆ ದುಡ್ಡು ದಂಡ.

ಆಟೋ ಮೇಲಿನ ಹಾರ್ನ್ ಸ್ಪೀಕರ್ ದಪ್ಪ ಸದ್ದನ್ನು ಹೊರಗೆ ಬಿಡೋದೇ ಇಲ್ಲ ಅನ್ನಬಹುದು. ಅದರ ಶಕ್ತಿ ಇರೋದು ನಡುವಿನ ಸದ್ದುಗಳಲ್ಲಿ, ಅಂದರೆ ದನಿಯ ಜಾಗದಲ್ಲೇ. ಅಲ್ಲಿಗೆ ಮ್ಯೂಸಿಕ್ ತುಂಬಿದರೆ ಮಾತಿಗೆ ಜಾಗ ಎಲ್ಲಿ? ಮಾತು ಇರುವಷ್ಟು ಹೊತ್ತು ಮ್ಯೂಸಿಕ್ ಅನ್ನು 12ರಿಂದ 15 ಡೆಸಿಬಲ್ ಕೆಳಗಿಡಿ, ಮಾತು ಮುಗಿದ ಮೇಲೆ ಏರಿಸಿ. ಎಕೋ ಪೂರ್ತಿ ಬಿಡಿ, ಬೀದಿಯ ಕಟ್ಟಡಗಳೇ ಬೇಕಾದಷ್ಟು ಎಕೋ ಕೊಡುತ್ತವೆ. ಸಾಲು ಚಿಕ್ಕದಿರಲಿ, ಅಂಗಡಿ ಹೆಸರಿಗೆ ಮುಂಚೆ ಅರೆ ಕ್ಷಣ ಮೌನವಿರಲಿ.

ಇದಕ್ಕೆ ಕಾನೂನಿನ ಗಡಿಯೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಗಲಲ್ಲೂ ಅನುಮತಿ ಬೇಕು. ಹಗಲಿನ ಮಿತಿ ವಾಣಿಜ್ಯ ಪ್ರದೇಶದಲ್ಲಿ 65, ವಸತಿ ಪ್ರದೇಶದಲ್ಲಿ 55 ಡೆಸಿಬಲ್. ಜೋರು ಮಾಡಿ ಗೆಲ್ಲೋಕೆ ಇಲ್ಲಿ ದಾರಿಯೇ ಇಲ್ಲ, ಸ್ಪಷ್ಟತೆಯೊಂದೇ ದಾರಿ.

ಕಳಿಸುವ ಮುಂಚೆ ಪರೀಕ್ಷೆ

ಹೆಡ್‌ಫೋನ್‌ನಲ್ಲಿ ಚೆನ್ನಾಗಿ ಕೇಳಿದ ಹಾಡು ಮೊಬೈಲ್ ಸ್ಪೀಕರ್‌ನಲ್ಲಿ ಕೆಡಬಹುದು. ಜನ ಹಾಡು ಕೇಳೋದು ಹೆಚ್ಚಾಗಿ ಮೊಬೈಲ್‌ನಲ್ಲೇ, ಹಾಗಾಗಿ ಅದೇ ಮೊದಲ ಪರೀಕ್ಷೆ. ಆಮೇಲೆ ಅಂಗಡಿಯ ಸಣ್ಣ ಬ್ಲೂಟೂತ್ ಡಬ್ಬ, ಕಾರು, ಟಿವಿ. ವಾಲ್ಯೂಮ್ ತೀರಾ ಕಡಿಮೆ ಮಾಡಿ ಕೇಳಿ. ಸಣ್ಣ ಸದ್ದಿನಲ್ಲೂ ಪ್ರತಿ ಪದ ಕೇಳಿಸಿದರೆ ಮಿಕ್ಸ್ ಗೆದ್ದಂತೆ. ಪಕ್ಕದ ಕೋಣೆಯಲ್ಲಿ ನಿಂತು ಕೇಳೋದೂ ಒಳ್ಳೇ ಪರೀಕ್ಷೆ.

ನಿಮಗೆ ಸಾಹಿತ್ಯ ಬಾಯಿಪಾಠ ಇರುವುದರಿಂದ ಕೇಳಿಸದ ಪದವನ್ನೂ ಮನಸ್ಸು ತುಂಬಿಕೊಳ್ಳುತ್ತೆ. ಆ ಹಾಡು ಗೊತ್ತಿಲ್ಲದ ಮನೆಯವರನ್ನು ಕೂರಿಸಿ ಪದ ಹೇಳಿಸಿ ನೋಡಿ. ಸಿ. ಅಶ್ವತ್ಥ್ ಅವರ ಯಾವುದಾದರೂ ಭಾವಗೀತೆಯನ್ನು ನಿಮ್ಮ ಹಾಡಿನ ಪಕ್ಕ ಅಷ್ಟೇ ವಾಲ್ಯೂಮ್‌ನಲ್ಲಿ ಕೇಳಿದರೆ ದನಿ ಎಷ್ಟು ಮುಂದೆ ಇರಬೇಕು ಅನ್ನೋದು ಕಿವಿಗೇ ತಿಳಿಯುತ್ತೆ. ಯೂಟ್ಯೂಬ್ ಅತಿ ಜೋರಾದ ಹಾಡುಗಳನ್ನು ತಾನೇ ತಗ್ಗಿಸುತ್ತೆ. ಹಾಗಾಗಿ ಬೇರೆಯವರಿಗಿಂತ ಜೋರು ಮಾಡಿ ಏರಿಸಿದರೆ ಲಾಭ ಇಲ್ಲ.

ಟ್ರ್ಯಾಕ್ ಯಾರದ್ದು ಅನ್ನೋದೂ ಗೊತ್ತಿರಲಿ

1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಾಹಿತ್ಯ, ಸಂಗೀತದ ಹಕ್ಕು ಬರೆದವರ ಜೀವಿತಾವಧಿ ಮತ್ತು ನಂತರದ 60 ವರ್ಷ ಇರುತ್ತೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ನಂತರ 60 ವರ್ಷ. 12ನೇ ಶತಮಾನದ ವಚನ, 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ತತ್ವಪದ ಎಲ್ಲರ ಸೊತ್ತು. ಆದರೆ ಇತ್ತೀಚಿನವರು ಅವಕ್ಕೆ ಹಾಕಿದ ರಾಗಸಂಯೋಜನೆ, ಮಾಡಿದ ಟ್ರ್ಯಾಕ್ ಅವರದ್ದೇ. ಮನೆಮಂದಿಗೆ ಕೇಳಿಸೋದು ಬೇರೆ, ಸಿನಿಮಾ ಹಾಡಿನ ಟ್ರ್ಯಾಕ್ ಮೇಲೆ ಅಂಗಡಿ ಜಾಹೀರಾತು ಮಾಡೋದು ಬೇರೆ. ಎರಡನೆಯದಕ್ಕೆ ಅನುಮತಿ ಬೇಕೇ ಬೇಕು. ಹಕ್ಕಿನ ತಕರಾರು ಇಲ್ಲದ ಉಚಿತ ಮ್ಯೂಸಿಕ್ ಯೂಟ್ಯೂಬ್‌ನ ಆಡಿಯೋ ಲೈಬ್ರರಿಯಲ್ಲೇ ಸಿಗುತ್ತೆ.

ಬರೀ ದನಿಯ ಫೈಲ್ ಅಳಿಸಬೇಡಿ

ಕೊನೆಯದಾಗಿ ಒಂದು ಮುಖ್ಯ ಮಾತು. ಭಜನೆ ಮೇಳದ ಹಿರಿಯರು, ಸೋಬಾನೆ ಹೇಳುವ ಅಜ್ಜಿಯರು, ತತ್ವಪದ ಹಾಡುವವರ ಹತ್ತಿರ ಇರುವ ಎಷ್ಟೋ ಪದಗಳು ಯಾವ ಪುಸ್ತಕದಲ್ಲೂ ಇಲ್ಲ. ಮೊಮ್ಮಕ್ಕಳು ಅವನ್ನು ಮೊಬೈಲ್‌ನಲ್ಲಿ ಹಿಡಿಯುತ್ತಿರೋದು ಸಂತೋಷದ ವಿಷಯ. ಆದರೆ ಚೆಂದ ಕಾಣಲಿ ಅಂತ ಅದರ ಹಿಂದೆ ಜೋರು ಟ್ರ್ಯಾಕ್ ಸೇರಿಸಿ, ಸೇರಿಸಿದ್ದನ್ನು ಮಾತ್ರ ಉಳಿಸಿ, ಮೂಲ ಅಳಿಸಿಬಿಟ್ಟರೆ ಆ ಪದಗಳು ಮ್ಯೂಸಿಕ್ ಕೆಳಗೆ ಹೂತುಹೋಗುತ್ತವೆ. ಹಿರಿಯರು ಮತ್ತೆ ಹಾಡಿ ಕೊಡುವ ಅವಕಾಶ ಇಲ್ಲದೇ ಹೋಗಬಹುದು.

ಆದ್ದರಿಂದ ಟ್ರ್ಯಾಕ್ ಇಲ್ಲದ, ಎಕೋ ಹಾಕದ ದನಿಯ ಫೈಲ್ ಅನ್ನು ಬೇರೆಯಾಗಿ, ಹಾಡಿದವರ ಹೆಸರು, ಊರು, ದಿನಾಂಕ ಬರೆದು ಎರಡು ಕಡೆ ಉಳಿಸಿಡಿ. ವಾಟ್ಸ್‌ಆ್ಯಪ್‌ನಲ್ಲಿ ಆಡಿಯೋ ಆಗಿ ಕಳಿಸಿದರೆ ಗುಣಮಟ್ಟ ಇಳಿಯಬಹುದು, ಡಾಕ್ಯುಮೆಂಟ್ ಆಗಿ ಕಳಿಸಿ. ಮಿಕ್ಸ್ ಇವತ್ತು ಚೆನ್ನಾಗಿ ಬರದಿದ್ದರೆ ನಾಳೆ ಇನ್ನೊಬ್ಬರು ಮಾಡಿಯಾರು. ಅದಕ್ಕೆ ಸ್ವಚ್ಛವಾದ ದನಿ ಕೈಯಲ್ಲಿರಬೇಕು.